ಉತ್ತರವನ್ನು ಕೆಳಗೆ ಬರೆಯಿರಿ

ಇ-ಮೇಲ್ ಎಂಬ ಪದದಲ್ಲೇ ‘ಮೇಲ್’ ಇರುವುದರಿಂದ ಅದಕ್ಕೆ ಉತ್ತರವನ್ನೂ ಮೇಲೆಯೇ ಬರೆಯಬೇಕೆಂದು ನಾನು ಬಹುಕಾಲ ನಂಬಿದ್ದೆ. ಯಾರದಾದರೂ ಪತ್ರ ಬಂದರೆ ಅದರ ನೆತ್ತಿಯ ಮೇಲೆ ನನ್ನ ಉತ್ತರವನ್ನು ಕೂರಿಸಿ, ಕೆಳಗೆ ಅವರ ಪತ್ರ, ಅದರ ಕೆಳಗೆ ನನ್ನ ಹಿಂದಿನ ಪತ್ರ, ಅದರ ಕೆಳಗೆ ಅವರ ಇನ್ನೂ ಹಿಂದಿನ ಪತ್ರ, ಹೀಗೆ ವಂಶವೃಕ್ಷವನ್ನು ಬೇರುಸಹಿತ ಕಿತ್ತು ಕಳಿಸಿಕೊಡುತ್ತಿದ್ದೆ. ಅದರಿಂದ ಯಾರಿಗಾದರೂ ತೊಂದರೆಯಾದೀತೆಂದು ನನ್ನ ಕನಸಿನಲ್ಲೂ ಸುಳಿದಿರಲಿಲ್ಲ. ಓದುವವರು ತಮಗೆ ಬೇಕಾದಲ್ಲಿ ಕಣ್ಣು ಹಾಯಿಸಿಕೊಳ್ಳುತ್ತಾರೆ, ಬೇಡದ್ದನ್ನು ಬಿಡುತ್ತಾರೆ. ಕಣ್ಣಿಗೇನು, ಹಾರಿಕೊಂಡು ಹೋಗುವ ಸ್ವಭಾವ. ಎಲ್ಲರಿಗೂ ಕಣ್ಣಿರುತ್ತದೆಂಬುದು ನನ್ನ ಎರಡನೆಯ ನಂಬಿಕೆ.

ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಮಹದೇವಮ್ಮ. ಗುಂಡ್ಲುಪೇಟೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು. ಹುಟ್ಟಿದ್ದು ಉಮ್ಮತ್ತೂರಿನಲ್ಲಿ, ಕೂಲಿ ಮಾಡುವವರ ಮನೆಯಲ್ಲಿ. ಈಗಿನ ಮನೆ ಚಾಮರಾಜನಗರದಲ್ಲಿ. ಆಯುಷ್ಯದ ಬಹುಭಾಗ ಸವೆದಿರುವುದು ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವಿನ ಬಸ್ಸಿನಲ್ಲಿ. ಪತ್ರಲೇಖನವೆಂಬ ಐದು ಅಂಕದ ವಿದ್ಯೆಯನ್ನು ಎಷ್ಟೋ ತಲೆಮಾರಿನ ಮಕ್ಕಳಿಗೆ ಧಾರೆಯೆರೆದಿದ್ದೇನೆ. ಬಲಗಡೆ ಸ್ಥಳ, ಎಡಗಡೆ ಸಂಬೋಧನೆ, ‘ನಾನು ಕ್ಷೇಮ, ತಮ್ಮ ಕ್ಷೇಮಕ್ಕೆ ಬರೆಯುವುದು’ ಎಂಬ ಮಂಗಳಾಚರಣೆ, ಕೊನೆಗೆ ‘ಇಂತಿ ತಮ್ಮ ವಿಧೇಯ’. ಈ ವಿಷಯದಲ್ಲಿ ಜಗತ್ತು ನನಗೆ ಕಲಿಸಬೇಕಾದ್ದೇನೂ ಉಳಿದಿಲ್ಲವೆಂಬ ಗರ್ವ ಒಳಗೊಳಗೇ ಬೆಚ್ಚಗೆ ಕೂತಿತ್ತು.

ನನ್ನ ಜೊತೆಯಲ್ಲೇ ದಿನವೂ ಆ ಬಸ್ಸು ಹತ್ತುವವಳು ನಸ್ರೀನ್. ನಮ್ಮ ಶಾಲೆಯ ಸಮಾಜ ವಿಜ್ಞಾನದ ಶಿಕ್ಷಕಿ. ಚಾಮರಾಜನಗರದ ಪೇಟೆಯಲ್ಲಿ ಹಾಸಿಗೆ, ರಜಾಯಿ ಹೊಲಿಯುವ ಮನೆತನದವಳು. ಮನೆಯಲ್ಲಿ ಉರ್ದು, ಹೊರಗೆ ನನ್ನನ್ನೂ ನಾಚಿಸುವಂಥ ಕನ್ನಡ. ಐದನೆಯ ವಯಸ್ಸಿನಲ್ಲಿ ಜ್ವರ ಬಂದು ಕಣ್ಣು ಹೋಯಿತು. ಓದು ಹೋಗಲಿಲ್ಲ. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ತಂತ್ರಾಂಶವನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡು ಪಠ್ಯಪುಸ್ತಕ, ಸುತ್ತೋಲೆ, ವೃತ್ತಪತ್ರಿಕೆ ಎಲ್ಲವನ್ನೂ ಕಿವಿಯಿಂದಲೇ ಓದುತ್ತಾಳೆ. ಆ ಯಂತ್ರಧ್ವನಿ ಓದುವ ವೇಗಕ್ಕೆ ನನಗೆ ಒಂದು ಪದವೂ ಅರ್ಥವಾಗುವುದಿಲ್ಲ. ಅವಳು ಕಡಲೆಕಾಯಿ ತಿನ್ನುತ್ತ ಕೇಳಿಸಿಕೊಂಡು, ಮಧ್ಯೆ ವ್ಯಾಕರಣದೋಷ ಸಿಕ್ಕರೆ ನಗುತ್ತಾಳೆ.

ಆ ತಂತ್ರಾಂಶವನ್ನು ಯಾವ ಕಂಪನಿಯೂ ಮಾರುವುದಿಲ್ಲ. ದೇಶದೇಶಗಳ ಅಪರಿಚಿತರು ಸೇರಿಕೊಂಡು, ಬಿಡುವಿನಲ್ಲಿ ಕಟ್ಟಿ, ಬೇಕಾದವರು ಬಳಸಿಕೊಳ್ಳಲಿ ಎಂದು ಅಂತರ್ಜಾಲದಲ್ಲಿ ತೆರೆದಿಟ್ಟಿದ್ದಾರೆ. ಅವರು ಒಬ್ಬರೊಬ್ಬರ ಮುಖ ನೋಡಿದವರಲ್ಲ. ಮಾತುಕತೆಯೆಲ್ಲ ಇ-ಮೇಲಿನಲ್ಲಿ: ಒಂದು ವಿಳಾಸಕ್ಕೆ ಬರೆದರೆ ಆ ಬಳಗದ ಎಲ್ಲರಿಗೂ ತಲುಪುತ್ತದೆ, ಯಾರು ಬೇಕಾದರೂ ಉತ್ತರಿಸಬಹುದು, ಬರೆದದ್ದೆಲ್ಲ ಸಾರ್ವಜನಿಕ ಕಡತದಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಊರಬಾಗಿಲಿನ ಅರಳಿಕಟ್ಟೆಯಂತೆ, ಕಟ್ಟೆಯ ಕಲ್ಲಿನಲ್ಲಿ ಮಾತುಗಳು ತಾವಾಗಿಯೇ ಕೆತ್ತಿಕೊಳ್ಳುತ್ತವೆ, ಅಷ್ಟೇ ವ್ಯತ್ಯಾಸ.

ಕಳೆದ ವರ್ಷ ಆ ತಂತ್ರಾಂಶದ ಹೊಸ ಆವೃತ್ತಿ ಬಂತು, ಕನ್ನಡದ ಧ್ವನಿ ಕೆಟ್ಟಿತು. ಕೆಲವು ಪದಗಳನ್ನು ಅರ್ಧಕ್ಕೇ ನುಂಗಿ ಮುಂದಕ್ಕೆ ಓಡತೊಡಗಿತು. ‘ಗವರ್ನರ್ ನವಾಬ್‌ನನ್ನು ಸೋಲಿಸಿದನು’ ಎಂದು ಪುಸ್ತಕದಲ್ಲಿದ್ದರೆ ಅದು ‘ಗವರ್ನರ್ ನವಾಬ್ ಸೋಲಿಸಿದನು’ ಎನ್ನುತ್ತಿತ್ತು. ದ್ವಿತೀಯಾ ವಿಭಕ್ತಿಯೊಂದು ಬಿದ್ದುಹೋದರೆ ಇತಿಹಾಸದಲ್ಲಿ ಯಾರು ಗೆದ್ದರು, ಯಾರು ಸೋತರು ಎಂಬುದೇ ಗೊತ್ತಾಗುವುದಿಲ್ಲ. ಪಾಠ ಆ ವರ್ಷ ಹೊಸದು; ಧ್ವನಿ ಪದ ನುಂಗುತ್ತಿರುವುದು ಇನ್ನೂ ತಿಳಿಯದ ನಸ್ರೀನ್ ಕೇಳಿದ್ದನ್ನು ಕೇಳಿದಂತೆ ಟಿಪ್ಪಣಿಯಾಗಿ ಬರೆಸಿದಳು. ಒಂದಿಡೀ ಅಧ್ಯಾಯದ ಟಿಪ್ಪಣಿ ಅಡಿಮೇಲಾಯಿತು. ಕಿರುಪರೀಕ್ಷೆಯಲ್ಲಿ ಹತ್ತನೆಯ ತರಗತಿಯ ಮಕ್ಕಳು ಸಾಮೂಹಿಕವಾಗಿ ನವಾಬನನ್ನು ಗೆಲ್ಲಿಸಿದರು.

ತೆರಕಣಾಂಬಿಯಿಂದ ಬಂದ ಒಬ್ಬ ತಂದೆ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಉತ್ತರಪತ್ರಿಕೆ ಹಿಡಿದು ನಿಂತರು. “ಸಾ, ಕಣ್ ಕಾಣ್ದೋರ್ಗೆ ಹತ್ನೇ ಕ್ಲಾಸ್ ಯಾಕ್ ಕೊಟ್ಟೀರಿ? ಅವ್ರ್ ಮ್ಯಾಲೆ ನಂಗೇನೂ ಇಲ್ಲ ಕಣಿ. ಆದ್ರೆ ನಮ್ ಐಕ ಫೇಲಾಗೋದ್ರೆ ಯಾರ್ ನೋಡಾರು?” ಎಂದರು. ಅವರ ದನಿಯಲ್ಲಿ ದ್ವೇಷವಿರಲಿಲ್ಲ, ಭಯವಿತ್ತು. ನಮ್ಮ ಮುಖ್ಯೋಪಾಧ್ಯಾಯರೂ ಕೆಟ್ಟವರಲ್ಲ. ನಸ್ರೀನಳನ್ನು ಕರೆಸಿ, ನಾಳೆಯಿಂದ ಗ್ರಂಥಾಲಯ ನೋಡಿಕೊಳ್ಳಿ, ತರಗತಿ ಬೇರೆಯವರಿಗೆ ಕೊಡೋಣ ಎಂದು ಮೃದುವಾಗಿಯೇ ಹೇಳಿದರು. ಓದಲಾಗದ ಪುಸ್ತಕಗಳ ನಡುವೆ ಅವಳನ್ನು ಕೂರಿಸುವುದು ಎಂಥ ಮೃದುತ್ವವೋ, ಅವರಿಗೂ ಹೊಳೆದಂತಿರಲಿಲ್ಲ.

ಸಂಜೆ ಬಸ್ಸಿನಲ್ಲಿ ನಸ್ರೀನ್ ಚೀಲದಿಂದ ಫೋನು ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ, “ಅಕ್ಕ, ಆ ಬಳಗಕ್ಕೆ ಒಂದು ಮೇಲ್ ಹಾಕ್ತೀನಿ. ಯಾರಾದ್ರೂ ಸರಿ ಮಾಡ್ಕೊಡ್ಬೋದು,” ಅಂದಳು.

“ನೀನು ಸುಮ್ನಿರು. ಪತ್ರ ಬರೆಯೋದು ನನ್ನ ಇಲಾಖೆ,” ಎಂದೆ ನಾನು.

ಬರೆದೆ. ಇಂಗ್ಲಿಷಿನಲ್ಲಿ, ಎರಡು ಪುಟ. ‘ಕನ್ನಡ’ ಎಂಬ ಒಂದೇ ಪದದ ಶೀರ್ಷಿಕೆ. ಸವಿನಯ ವಿಜ್ಞಾಪನೆಯಿಂದ ತೊಡಗಿ, ಕನ್ನಡ ಭಾಷೆಯ ಪ್ರಾಚೀನತೆಯನ್ನು ಹಾದು, ಗುರುವಿನ ಮಹಿಮೆಯನ್ನು ಸ್ಪರ್ಶಿಸಿ, ಅಂಧತ್ವ ಕುರಿತ ಒಂದು ಕರುಣಾಜನಕ ಉಪಮೆಯೊಂದಿಗೆ ಮುಕ್ತಾಯ. ಬರೆದಾದ ಮೇಲೆ ನಾನೇ ಎರಡು ಸಲ ಓದಿಕೊಂಡು ಗದ್ಗದಳಾದೆ. ತಂತ್ರಾಂಶಕ್ಕೆ ಏನಾಗಿದೆ ಎಂಬುದನ್ನು ಮಾತ್ರ ಬರೆದಿರಲಿಲ್ಲ. ಅದು ಆಗ ಗಮನಕ್ಕೂ ಬರಲಿಲ್ಲ.

ಉತ್ತರ ಬರೆದದ್ದು ಎಮಿಲ್ ಎಂಬುವನು. ಯಾವುದೋ ಹಿಮದ ನಾಡಿನವನೆಂದು ಆಮೇಲೆ ತಿಳಿಯಿತು. ನಮಸ್ಕಾರವಿಲ್ಲ, ಕುಶಲಪ್ರಶ್ನೆಯಿಲ್ಲ. ಯಾವ ಆವೃತ್ತಿ? ಯಾವ ಪದ ತಪ್ಪಾಗಿ ಕೇಳುತ್ತದೆ? ಏನು ಕೇಳಬೇಕಿತ್ತು, ಏನು ಕೇಳಿತು? ಇಷ್ಟೇ. ನಾನು ಮತ್ತೊಂದು ಪುಟ ಬರೆದು ಅವನ ಪತ್ರದ ನೆತ್ತಿಯ ಮೇಲೆ ಕೂರಿಸಿ ಕಳಿಸಿದೆ. ಎರಡನೆಯ ಉತ್ತರ ಮೊದಲನೆಯದಕ್ಕಿಂತ ಗಿಡ್ಡ: ‘ದಯವಿಟ್ಟು ಉತ್ತರವನ್ನು ಕೆಳಗೆ ಬರೆಯಿರಿ. ಬೇಡದ ಭಾಗವನ್ನು ಕತ್ತರಿಸಿ. ನನ್ನ ಪ್ರಶ್ನೆಗಳು ಹಾಗೇ ಇವೆ.’

ಮಕ್ಕಳ ಪತ್ರಗಳಿಗೆ ಕೆಂಪು ಶಾಯಿ ಹಚ್ಚುತ್ತ ಬಂದವಳಿಗೆ ಮೊದಲ ಬಾರಿ ತನ್ನ ಪತ್ರಕ್ಕೇ ಕೆಂಪು ಶಾಯಿ ಬಿದ್ದಂತಾಯಿತು. ಮೈ ಉರಿದುಹೋಯಿತು. ಅಲ್ಲೇ, ಅವನ ಪತ್ರದ ಮೇಲೆಯೇ, ನಸ್ರೀನಳಿಗೆಂದು ಕನ್ನಡದಲ್ಲಿ ಬರೆಯತೊಡಗಿದೆ: ‘ನೋಡಿದೆಯಾ ಈ ಮಹಾನುಭಾವನನ್ನು? ಬಾಗಿಲಿಗೆ ಬಂದವರಿಗೆ ಒಂದು ಲೋಟ ನೀರು ಕೊಡಬೇಕೆಂದು ಇವನ ತಾಯಿ ಕಲಿಸಿಲ್ಲ. ಹೆಡ್‌ಮಾಸ್ಟರ್ ಅಂದರೆ ಹೆಡ್ ಅಂತ ಕೇಳುತ್ತೆ, ನವಾಬ್‌ನನ್ನು ಅಂದರೆ ನವಾಬ್ ಅಂತ ಕೇಳುತ್ತೆ, ಇದನ್ನು ತಿದ್ದೋದಕ್ಕೆ ಇವನಿಗೆ ಆವೃತ್ತಿ ಬೇಕಂತೆ!’ ಇನ್ನೂ ಎರಡು ವಾಕ್ಯಗಳಿದ್ದವು. ಅವನ್ನು ಇಲ್ಲಿ ಬರೆಯಲಾರೆ. ಸಿಟ್ಟಿನ ಭರದಲ್ಲಿ ವಿಳಾಸ ಬದಲಿಸುವುದನ್ನು ಮರೆತು ಗುಂಡಿ ಒತ್ತಿದೆ. ನೆಮ್ಮದಿಯಾಗಿ ಮಲಗಿದೆ.

ಮರುದಿನ ಬೆಳಿಗ್ಗೆ ಬಸ್ಸು ತೆರಕಣಾಂಬಿ ದಾಟುತ್ತಿತ್ತು. ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟ ಎಂದಿನಂತೆ ಮೋಡದ ಪೇಟ ಸುತ್ತಿಕೊಂಡಿತ್ತು. ಕಿವಿಗೆ ತಂತಿ ಸಿಕ್ಕಿಸಿಕೊಂಡು ಫೋನಿನಲ್ಲಿ ಮೇಲ್‌ಗಳನ್ನು ಕೇಳಿಸಿಕೊಳ್ಳುತ್ತಿದ್ದ ನಸ್ರೀನ್ ಇದ್ದಕ್ಕಿದ್ದಂತೆ ನನ್ನ ಮಣಿಕಟ್ಟು ಹಿಡಿದಳು.

“ಅಕ್ಕ, ನೀವು ನಂಗೆ ಬರ್ದಿರೋದು ನಂಗೆ ಬಂದಿಲ್ಲ. ಬಳಗಕ್ಕೆಲ್ಲ ಹೋಗಿದೆ. ಬಳಗದಿಂದ ನಂಗೆ ಬಂದಿದೆ.”

ನಾನು ಧಡಕ್ಕನೆ ಎದ್ದು ನಿಂತೆ. ಓಡಿಹೋಗಿ ಆ ಪತ್ರವನ್ನು ದಾರಿಯಲ್ಲೇ ಹಿಡಿದು ತರಬಲ್ಲೆನೆಂಬಂತೆ.

“ಯಾಕ್ರವ್ವಾ, ಇಳ್ದ್ಬುಟ್ಟೀರಾ? ಗುಂಡ್ಲುಪೇಟೆ ಇನ್ನೂ ದೂರ ಅದೆ ಕಣಿ, ಕೂತ್ಕಳಿ,” ಎಂದ ಕಂಡಕ್ಟರ್.

ಕೂತೆ. “ಕನ್ನಡ ತಾನೇ? ಅಲ್ಲಿ ಯಾರಿಗೆ ಬರುತ್ತೆ?” ಎಂದು ಕ್ಷೀಣವಾಗಿ ಕೇಳಿದೆ. ಜೀವನವಿಡೀ ಕನ್ನಡ ಬಲ್ಲವರು ಹೆಚ್ಚಲಿ ಎಂದು ಹಾರೈಸಿದವಳು ಆ ಕ್ಷಣ ಮಾತ್ರ ಅದಕ್ಕೆ ತದ್ವಿರುದ್ಧವಾಗಿ ಹಾರೈಸಿದೆ.

“ಭಾಷಾಂತರಕ್ಕೆ ಮಿಷನ್ ಇದೆಯಲ್ಲಕ್ಕ. ಒಂದು ಗುಂಡಿ ಒತ್ತಿದ್ರೆ ಮುಗೀತು.” ಕಿವಿಯ ತಂತಿ ತೆಗೆದು ಅವಳು ಮತ್ತೆ ಹೇಳಿದಳು: “ಒಂದು ಮಾತು ಹೇಳ್ಲಾ? ಬೇಜಾರಾಗ್ಬೇಡಿ. ಆ ಮನುಷ್ಯ ಕೇಳಿದ್ದು ಸರಿಯಾಗೇ ಇದೆ. ನೀವು ಹಳೇದನ್ನೆಲ್ಲ ಕತ್ತರಿಸದೆ ಕಳಿಸ್ತೀರಲ್ಲ, ಅದನ್ನ ಈ ಧ್ವನಿ ಮೊದ್ಲಿಂದ ಪೂರ್ತಿ ಓದುತ್ತೆ. ಪ್ರತಿ ಹಳೇ ಸಾಲಿನ ಮೊದ್ಲಲ್ಲಿ ಬಾಣದ ಮೊನೆ ಥರ ಒಂದು ಗುರುತಿರುತ್ತಲ್ಲ, ಅದನ್ನೂ ಬಿಡದೆ ‘ಗ್ರೇಟರ್ ಗ್ರೇಟರ್’ ಅಂತ ಓದುತ್ತೆ. ನಿಮ್ಮ ಹೊಸ ಮಾತು ಯಾವ್ದು, ಅದು ಯಾವ ಪ್ರಶ್ನೆಗೆ ಉತ್ತರ ಅಂತ ಹುಡುಕೋಷ್ಟರಲ್ಲಿ ನಂಗೆ ಊರು ಬಂದ್ಬಿಡುತ್ತೆ. ಪ್ರಶ್ನೆ, ಅದರ ಕೆಳಗೆ ಉತ್ತರ. ಹಾಗಿದ್ರೆ ಮನುಷ್ಯರು ಎದುರು ಕೂತು ಮಾತಾಡ್ದಂಗೆ ಕೇಳುತ್ತೆ.”

“ನಿನಗೆ ಸರಿ. ಅವನಿಗೇನು ಕಷ್ಟ?”

“ಅವ್ರೂ ಕೇಳಿ ಓದೋರೇ ಅಕ್ಕ. ಅವ್ರ ಹಳೇ ಪತ್ರಗಳೆಲ್ಲ ಕೇಳಿದೀನಿ. ಒಂದ್ ಸಲಾನೂ ‘ಕಂಡೆ’ ಅಂತ ಬರೆದಿಲ್ಲ. ‘ಕೇಳಿದೆ’ ಅಂತಾನೇ ಬರೀತಾರೆ.”

ವರ್ಷಗಟ್ಟಲೆ ಪಕ್ಕದಲ್ಲೇ ಕೂತವಳಿಗೆ ನಾನು ಅದೆಷ್ಟು ಪತ್ರಗಳನ್ನು ಬೇರುಸಹಿತ ಕಳಿಸಿದ್ದೆನೋ. ಅವಳು ಒಮ್ಮೆಯೂ ಹೇಳಿರಲಿಲ್ಲ. ನಾನು ದರ್ಪವೆಂದು ತಿಳಿದ ಎರಡು ಸಾಲು, ಕಾಣದವನೊಬ್ಬ ಕಾಣುವವಳಿಗೆ ತೋರಿಸಿದ ದಾರಿಯಾಗಿತ್ತು.

ಶಾಲೆ ತಲುಪಿದವಳೇ ಸ್ಟಾಫ್ ರೂಮಿನ ಕಂಪ್ಯೂಟರಿನ ಮುಂದೆ, ಶಿಕ್ಷೆಗೆ ಕಾಯುವ ವಿದ್ಯಾರ್ಥಿನಿಯಂತೆ ಕುಳಿತೆ. ಎಮಿಲ್ ಆಗಲೇ ಉತ್ತರ ಬರೆದಿದ್ದ. ಅವನ ಪತ್ರದಲ್ಲಿ ನನ್ನ ಪತ್ರದ ಒಂದೇ ಒಂದು ವಾಕ್ಯವಿತ್ತು: ಹೆಡ್‌ಮಾಸ್ಟರ್ ಎಂದರೆ ಹೆಡ್ ಎಂದು ಕೇಳುತ್ತದೆ ಎಂಬುದು. ಅದರ ಹಿಂದೆ ಮುಂದೆ ಇದ್ದದ್ದೆಲ್ಲ ಮಾಯವಾಗಿ, ಆ ಜಾಗದಲ್ಲಿ ಆವರಣದೊಳಗೆ ಮೂರು ಚುಕ್ಕಿಗಳಿದ್ದವು. ಕೆಳಗೆ ಅವನ ಮಾತು: ‘ಧನ್ಯವಾದ. ಇದೇ ಬೇಕಿತ್ತು. ಡ್ ಮತ್ತು ಮಾ ನಡುವೆ ಏನಾದರೂ ಇದೆಯೇ, ನೋಡಿ ಹೇಳುವಿರಾ?’

ಅವನ ತಾಯಿಯ ಪ್ರಸ್ತಾಪ ಮಾಡಿದ ವಾಕ್ಯವನ್ನು ಅವನು ಓದಿದ್ದ. ಓದದೆ ಅಷ್ಟು ನಿಖರವಾಗಿ ಕತ್ತರಿಸಲು ಸಾಧ್ಯವೇ ಇಲ್ಲ. ಆಮೇಲೆ ಆ ಚರ್ಚೆಯಲ್ಲಿ ಇನ್ನೂ ಏಳೆಂಟು ಮಂದಿ ಸೇರಿಕೊಂಡರು, ಒಬ್ಬೊಬ್ಬರು ಒಂದೊಂದು ಖಂಡದಿಂದ. ಅವರೆಲ್ಲರಿಗೂ ನನ್ನ ಮೂಲ ಪತ್ರ ತಲುಪಿತ್ತು. ಆ ವಾಕ್ಯವನ್ನು ಯಾರೂ ಎತ್ತಿಕೊಳ್ಳಲಿಲ್ಲ. ಎಲ್ಲರೂ ಹೆಡ್‌ಮಾಸ್ಟರನ ಕೆಳಗೆ ಬರೆದರು.

ಉಮ್ಮತ್ತೂರಿನಲ್ಲಿ ನಮ್ಮ ಬೀದಿಗೆಲ್ಲ ಅಕ್ಷರ ಬಲ್ಲವಳು ನಾನೊಬ್ಬಳೇ ಇದ್ದ ಕಾಲವೊಂದಿತ್ತು. ಯಾರ ಮನೆಗೆ ಕಾಗದ ಬಂದರೂ ನನ್ನನ್ನು ಕರೆದು ಓದಿಸುತ್ತಿದ್ದರು. ಪಕ್ಕದ ಮನೆಯ ಸಿದ್ದವ್ವನಿಗೆ ಅವಳ ತಮ್ಮ ಬರೆದ ಕಾಗದವನ್ನು ನಾನು ಜಗಲಿಯ ಮೇಲೆ ನಿಂತು, ಬೈಗುಳ ಒಂದೂ ಬಿಡದಂತೆ, ಸ್ಪಷ್ಟ ಉಚ್ಚಾರದಲ್ಲಿ ಓದಿ ಹೇಳಿದೆ. ಸಿದ್ದವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು. ನನ್ನವ್ವ ನನ್ನನ್ನು ಕಿವಿ ಹಿಡಿದು ಮನೆಗೆ ಎಳೆತಂದಳು. “ಇದ್ದದ್ನೆಲ್ಲಾ ಓದ್ಬುಡದೇನಮ್ಮೀ? ಬರ್ದೋನು ಕ್ವಾಪ್ದಲ್ಲಿ ಬರ್ದಿರ್ತಾನೆ. ಓದೋಳ್ಗೂ ಗ್ಯಾನ ಬ್ಯಾಡ್ವಾ?” ಅಕ್ಷರವೇ ಬಾರದ ಅವ್ವನ ಮಾತಿಗೆ ಅಂದು ನಾನು ಒಳಗೊಳಗೇ ನಕ್ಕಿದ್ದೆ. ಹಿಮದ ನಾಡಿನ ಒಬ್ಬನಿಗೂ ನನ್ನವ್ವನಿಗೂ ಯಾವ ಬಂಧುತ್ವ? ಆ ಮೂರು ಚುಕ್ಕಿಗಳ ಎದುರು ಕೂತು ಅವ್ವನ ಮಾತನ್ನು ಇನ್ನೊಮ್ಮೆ ಹೇಳಿಕೊಂಡೆ.

ಇರಲಿ, ಕೇಳಿದ ಪ್ರಶ್ನೆಗೆ ಉತ್ತರಿಸಬೇಕಿತ್ತು. ಡ್ ಮತ್ತು ಮಾ ನಡುವೆ ಏನಿದೆ? ಕನ್ನಡಕ ಒರೆಸಿಕೊಂಡು ನೋಡಿದೆ. “ಏನೂ ಇಲ್ಲ. ಡ್, ಮಾ. ಅಷ್ಟೇ. ಹಾಗೇ ಬರೀತೀನಿ,” ಎಂದೆ.

“ತಡೀರಿ ಅಕ್ಕ.” ನಸ್ರೀನ್ ಕುರ್ಚಿ ಎಳೆದುಕೊಂಡಳು. ಬಾಣದ ಗುರುತಿನ ಕೀಲಿಯ ಮೇಲೆ ಬೆರಳಿಟ್ಟು, ಆ ಪದದ ಮೇಲೆ ಒಂದೊಂದೇ ಹೆಜ್ಜೆ ಇಡತೊಡಗಿದಳು. ಧ್ವನಿ ಒಂದೊಂದೇ ಅಕ್ಷರ ಹೇಳುತ್ತಿತ್ತು. ಡ್ ಆದ ಮೇಲೆ ಒತ್ತಿದಾಗ ಧ್ವನಿ ಏನನ್ನೂ ಹೇಳಲಿಲ್ಲ. ಇನ್ನೊಮ್ಮೆ ಒತ್ತಿದಾಗ ‘ಮ’ ಎಂದಿತು. ಅವಳು ಹಿಂದಕ್ಕೆ ಹೋಗಿ ಮತ್ತೆ ನಡೆದಳು. ಮತ್ತೆ ಅಲ್ಲೇ ಒಂದು ಮೌನ.

“ಇಲ್ಲಿ ಏನೋ ಇದೆ. ಒಂದು ಹೆಜ್ಜೆ ಜಾಸ್ತಿ ಬೀಳ್ತಿದೆ.”

“ಇಲ್ಲ ಕಣೇ, ನಾನು ಕಣ್ಣಾರೆ ನೋಡ್ತಿದೀನಲ್ಲ!”

“ನೀವು ನೋಡ್ತಿದೀರಿ ಅಕ್ಕ. ಆದ್ರೆ ಇದೆ.”

ಇತ್ತು. ಆ ಬಳಗದವರು ಎರಡೇ ದಿನದಲ್ಲಿ ವಿವರಿಸಿದರು. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವಾಗ ಅರ್ಧಾಕ್ಷರದ ಮುಂದೆ ಇನ್ನೊಂದಕ್ಷರ ಬಂದರೆ ಅದು ತಾನಾಗಿ ಒತ್ತಕ್ಷರವಾಗಿಬಿಡುತ್ತದೆ, ಹೆಡ್ಮಾಸ್ಟರ್ ಆಗಿಬಿಡುತ್ತದೆ. ಹಾಗಾಗದಂತೆ ಎರಡನ್ನೂ ಬಿಡಿಬಿಡಿಯಾಗಿ ನಿಲ್ಲಿಸಲು ನಡುವೆ ಒಂದು ಅಕ್ಷರವನ್ನು ಇಡುತ್ತಾರೆ. ಅದಕ್ಕೆ ಆಕಾರವಿಲ್ಲ, ಅಗಲವಿಲ್ಲ, ಉಚ್ಚಾರವಿಲ್ಲ. ಪರದೆಯ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ಹೊಸ ಆವೃತ್ತಿಯ ಧ್ವನಿ ಆ ಅಕ್ಷರ ಎದುರಾದೊಡನೆ ಪದ ಮುಗಿಯಿತೆಂದು ಭ್ರಮಿಸಿ ಮುಂದಿನದನ್ನು ಬಿಟ್ಟುಬಿಡುತ್ತಿತ್ತು. ಸ್ವರ, ವ್ಯಂಜನ, ಯೋಗವಾಹಗಳನ್ನು ಬೆರಳು ಮಡಿಸಿ ಎಣಿಸಿ ಕಲಿಸಿದ ನನಗೆ, ನನ್ನ ವರ್ಣಮಾಲೆಯೊಳಗೆ ಕಾಣದ ಅಕ್ಷರವೊಂದು ನಿರಾಕಾರ ಬ್ರಹ್ಮನಂತೆ ಕೂತಿರುವುದು ಗೊತ್ತೇ ಇರಲಿಲ್ಲ. ಕಣ್ಣಿಲ್ಲದ ಇಬ್ಬರು, ಒಬ್ಬಳು ಗುಂಡ್ಲುಪೇಟೆಯಲ್ಲಿ, ಒಬ್ಬ ಭೂಮಿಯ ಆ ಬದಿಯಲ್ಲಿ, ಕೀಲಿಮಣೆ ತಡವುತ್ತ ಅದನ್ನು ಹಿಡಿದರು. ಅವರಲ್ಲಿ ಒಬ್ಬನಿಗೆ ಕನ್ನಡವೇ ಬಾರದು.

ವಾರದೊಳಗೆ ತಿದ್ದಿದ ಆವೃತ್ತಿ ಬಂತು. ಶನಿವಾರ ಶಾಲೆ ಬಿಟ್ಟ ಮೇಲೆ ಸ್ಟಾಫ್ ರೂಮಿನಲ್ಲಿ ಮುಖ್ಯೋಪಾಧ್ಯಾಯರನ್ನೂ ಕೂರಿಸಿಕೊಂಡು ನಸ್ರೀನ್ ಪಾಠ ತೆರೆದಳು. ನಮಗೂ ತಿಳಿಯಲೆಂದು ಧ್ವನಿಯ ವೇಗ ತಗ್ಗಿಸಿದಳು. ‘ಗವರ್ನರ್ ನವಾಬ್‌ನನ್ನು ಸೋಲಿಸಿದನು.’ ವಿಭಕ್ತಿ ಪ್ರತ್ಯಯವೊಂದು ಕಿವಿಗೆ ಬಿದ್ದು ನನ್ನ ಕಣ್ಣು ತುಂಬಿದ್ದು ಅದೇ ಮೊದಲು. ಮುಖ್ಯೋಪಾಧ್ಯಾಯರು ಇಡೀ ಅಧ್ಯಾಯವನ್ನು ಪುಸ್ತಕದಲ್ಲಿ ಬೆರಳಿಟ್ಟು ತಾಳೆ ನೋಡಿದರು. ಆಮೇಲೆ ಪುಸ್ತಕ ಮುಚ್ಚಿ, “ನಸ್ರೀನ್ ಮೇಡಮ್, ಲೈಬ್ರರಿ ವಿಷ್ಯ ಬುಟ್ಬುಡಿ. ಸೋಮವಾರದಿಂದ ನಿಮ್ ಕ್ಲಾಸ್ ನೀವೇ ತಗಳಿ. ನಾನೂ ಮೊದ್ಲೇ ಕೇಳ್ಬೇಕಿತ್ತು,” ಎಂದರು. ಹಳೆಯ ಟಿಪ್ಪಣಿ ತಿದ್ದಿಸಲು ನಸ್ರೀನ್ ಮೂರು ತರಗತಿ ಹೆಚ್ಚಿಗೆ ತೆಗೆದುಕೊಂಡಳು. ತೆರಕಣಾಂಬಿಯ ಆ ತಂದೆಗೂ ಅವಳೇ ಫೋನ್ ಮಾಡಿ ನಡೆದದ್ದನ್ನು ಹೇಳಿದಳು.

ನನ್ನದೊಂದು ಕೆಲಸ ಬಾಕಿಯಿತ್ತು. ಕ್ಷಮಾಪಣೆಯ ಪತ್ರ. ಮೊದಲ ಪ್ರಯತ್ನ ಒಂದೂವರೆ ಪುಟವಾಯಿತು; ಅಳಿಸಿದೆ. ಕೊನೆಗೆ ಉಳಿದದ್ದು ನಾಲ್ಕು ಸಾಲು. ‘ಆ ದಿನ ನಾನು ಬರೆದ ಮಾತು ತಪ್ಪು. ನಿಮ್ಮ ತಾಯಿಯ ಬಗ್ಗೆ ಆಡಬಾರದ್ದನ್ನು ಆಡಿದೆ. ನಾಚಿಕೆಯಾಗಿದೆ, ಕ್ಷಮಿಸಿ. ನಸ್ರೀನಳಿಗೆ ಈಗ ಪದ ಪೂರ್ತಿ ಕೇಳುತ್ತಿದೆ, ಅವಳು ಮತ್ತೆ ತರಗತಿಗೆ ಹೋಗುತ್ತಿದ್ದಾಳೆ.’ ಆಡಿದ್ದು ಬಯಲಿನಲ್ಲಿ. ಕ್ಷಮೆಯನ್ನೂ ಬಯಲಿನಲ್ಲೇ ಕೇಳಬೇಕೆಂದು, ವಿಳಾಸವನ್ನು ಎರಡು ಸಲ ನೋಡಿಕೊಂಡು, ಇಡೀ ಬಳಗಕ್ಕೇ ಕಳಿಸಿದೆ.

ಮರುದಿನ ಉತ್ತರ ಬಂತು. ಮೊದಲ ಮೂರು ಸಾಲುಗಳಿದ್ದ ಕಡೆ ಆವರಣ, ಮೂರು ಚುಕ್ಕಿ. ನನ್ನ ಬೈಗುಳವನ್ನು ಕತ್ತರಿಸಿದ್ದಂತೆಯೇ ಎಮಿಲ್ ನನ್ನ ಕ್ಷಮಾಪಣೆಯನ್ನೂ ಕತ್ತರಿಸಿದ್ದ. ಉಳಿಸಿಕೊಂಡದ್ದು ನಾಲ್ಕನೆಯ ಸಾಲನ್ನು ಮಾತ್ರ. ಅದರ ಕೆಳಗೆ: ‘ಅವರು ಇವತ್ತು ಯಾವ ಪಾಠ ಮಾಡುತ್ತಿದ್ದಾರೆ?’

ನನಗೂ ಗೊತ್ತಿರಲಿಲ್ಲ. ಎದ್ದು ಹತ್ತನೆಯ ತರಗತಿಯ ಕಡೆ ಹೋದೆ. ಒಳಗೆ ಮಕ್ಕಳೆಲ್ಲ ಕಣ್ಣು ಮುಚ್ಚಿ ಕುಳಿತಿದ್ದರು. ನಸ್ರೀನ್ ಬೆಂಚಿನಿಂದ ಬೆಂಚಿಗೆ ನಡೆಯುತ್ತ, ಚೀಲಗಳಿಂದ ಒಂದೊಂದು ಚಿಟಿಕೆ ಮಣ್ಣು ತೆಗೆದು ಮಕ್ಕಳ ಅಂಗೈಗೆ ಹಾಕುತ್ತಿದ್ದಳು. ಕೆಮ್ಮಣ್ಣು ಪುಡಿಯಾಗಿರುತ್ತೆ, ಎರೆಮಣ್ಣು ಅಂಟಿಕೊಳ್ಳುತ್ತೆ, ಉಜ್ಜಿ ನೋಡಿ ಹೇಳಿ, ಕದ್ದು ನೋಡಬಾರದು ಎನ್ನುತ್ತಿದ್ದಳು. ಬಾಗಿಲಲ್ಲಿ ನನ್ನ ಚಪ್ಪಲಿಯ ಸದ್ದು ಕೇಳಿ ತಿರುಗಿದಳು.

“ಅಕ್ಕ, ನೀವೂ ಕೈ ಕೊಡಿ. ಕಣ್ ಮುಚ್ಚಿ.”

ಮುಚ್ಚಿದೆ. ತಣ್ಣನೆಯ, ತುಸು ತೇವದ ಮಣ್ಣು ಅಂಗೈಗೆ ಬಿತ್ತು. ಬೆರಳಲ್ಲಿ ಮಿದ್ದಿದೆ. ಅಂಟಿತು. ಅವ್ವನ ಜೊತೆ ಕೂಲಿಗೆ ಹೋಗುತ್ತಿದ್ದ ಹೊಲದಲ್ಲಿ ಮಳೆ ಬಿದ್ದ ಮಾರನೆಯ ದಿನ ಕಾಲಿಗೆ ಮೆತ್ತಿ ಬಿಡದ ಮಣ್ಣು. ಇಷ್ಟು ವರ್ಷ ಅದನ್ನು ಕಪ್ಪು ಎಂದಷ್ಟೇ ತಿಳಿದಿದ್ದೆ. ಅದಕ್ಕೊಂದು ಮೈಯಿತ್ತು.

“ನಮ್ಮೂರ್ದು ಕಣಮ್ಮೀ ಇದು. ಉಮ್ಮತ್ತೂರ್ದು,” ಎಂದೆ. ಮಕ್ಕಳು ಕಣ್ಣು ಮುಚ್ಚಿಕೊಂಡೇ ನಕ್ಕರು.

ಸ್ಟಾಫ್ ರೂಮಿಗೆ ಹಿಂತಿರುಗಿ, ಕೈ ತೊಳೆಯದೆಯೇ, ಎಮಿಲನ ಪ್ರಶ್ನೆಯ ಕೆಳಗೆ ಬೆರಳಚ್ಚು ಮಾಡಿದೆ: ‘ಮಣ್ಣಿನ ಪಾಠ.’ ಮಣ್ಣಿನ ಕುರಿತು ಇನ್ನೊಂದು ಪುಟವಾದರೂ ಬರೆಯಬಹುದೆನಿಸಿತು. ಬರೆಯದೆ ಕಳಿಸಿದೆ.